ಸರಿಯುವ ಗೋಡೆ

ಎರಡನೇ ರೊಟ್ಟಿ ತಟ್ಟುತ್ತಿದ್ದೆ. ಅಂಚು ತೆಳುವಾಗುವ ಹೊತ್ತಿಗೆ ಫೋನು ಕೂಗಿತು. ಎರಡೂ ಕೈ ಜೋಳದ ಹಿಟ್ಟು. ಪಕ್ಕದಲ್ಲಿ ಕೂತು ಜಡೆ ಬಿಚ್ಚಿಕೊಳ್ಳುತ್ತಿದ್ದ ಮಗಳು ನೀಲವ್ವ ತಾನೇ ಎದ್ದು ತಂದು ನನ್ನ ಕಿವಿಗೆ ಒತ್ತಿ ಹಿಡಿದಳು.

"ಅಕ್ಕಾ, ಪೆಟ್ಟಿಗೆ ಗೋಡೆ ಮತ್ತೆ ಸರೀತು," ಎಂದ ಜೊತೆ ಕೆಲಸದ ದಾದಾಪೀರ್. "ಬೆಳಗಿನ ಜಾವ ಐದಕ್ಕೆ. ಈಗ ನಾಲ್ಕು ಬೆರಳು."

"ಒಳಗೋ ಹೊರಗೋ?"

"ಒಳಗೆ."

ಹಂಚಿನ ಮೇಲಿದ್ದ ಮೊದಲನೇ ರೊಟ್ಟಿ ಸೀದ ವಾಸನೆ ಬಂತು. ನಾನು ಎದ್ದು ಕೈ ತೊಳೆಯಲು ಹೋದೆ. ಅತ್ತೆ ಮೊಣಕಾಲು ನೀವಿಕೊಳ್ಳುತ್ತ ಮಂಚದಿಂದಲೇ ಹೇಳಿದರು, "ರೊಟ್ಟಿ ನೋಡವ್ವ ಮೊದಲು. ನಿನ್ನ ಜೇನುನೊಣ ಎಲ್ಲಿಗೂ ಓಡಿ ಹೋಗಲ್ಲ."

"ಓಡಿ ಹೋಗೋದಕ್ಕೇ ಹೆಸರಾದವು ಅತ್ತೆ ಅವು."

"ಹಂಗಾದ್ರೆ ನೀನು ರೊಟ್ಟಿ ಮುಗಿಸಿ ಓಡು. ಹಿಂದಿಂದೆ ಹೋಗಾಕೆ ಹೊಟ್ಟೆಯಾಗೆ ಏನಾರ ಇರಬೇಕಲ್ಲ."

ಉಳಿದ ಆರು ರೊಟ್ಟಿಯನ್ನು ಹೇಗೆ ತಟ್ಟಿದೆನೋ ಗೊತ್ತಿಲ್ಲ. ನಾಲ್ಕು ಬೆರಳು ಎಂದರೆ ಮೂರರ ಗಡಿಗೆ ಇನ್ನು ಒಂದೇ ಬೆರಳು ಉಳಿದಿತ್ತು.

ನಮ್ಮ ಕೆಂಗಲ್ಲು ಗುಡ್ಡದಲ್ಲಿ ಅದಿರು ತೆಗೆಯುವುದು ನಿಂತು ಇಪ್ಪತ್ತು ವರ್ಷವಾಯಿತು. ಜೇನುನೊಣ ಕಾಣದೆ ಹದಿನಾಲ್ಕು ವರ್ಷ. ಗಣಿಯವರು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬಿಟ್ಟುಹೋದ ಗುಡ್ಡದ ಮೇಲೆ ಮಣ್ಣು ಹೊತ್ತು ಹಾಕಿ ಹೊಂಗೆ, ಬೇವು, ತಂಗಡಿ ಬೆಳೆಸಿದೆವು. ಕೆಳಗೆ ಕುಂಬಳ, ಸೋರೆ, ಹೀರೆ ಹಾಕಿದೆವು. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಹಿಡಿಯಲಿಲ್ಲ. ಅದಕ್ಕೇ ಹೂ ಪಾಳಿ ಬಂದದ್ದು. ದಿನವೂ ಬೆಳಗ್ಗೆ ಹೂ ಮುದುಡುವ ಮುಂಚೆ ಪ್ರತಿ ಮನೆಯಿಂದ ಇಬ್ಬರು ಮೇಕೆ ಕೂದಲಿನ ಕುಂಚ ಹಿಡಿದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಬೇಕು. ನಮ್ಮ ಮಕ್ಕಳ ಶಾಲೆ ಹತ್ತೂವರೆಗೆ ಶುರುವಾಗುವುದು ಅದರಿಂದಲೇ. ಅವರ ಬೆರಳ ತುದಿ ವರ್ಷವಿಡೀ ಹಳದಿ. ನೀಲವ್ವನ ಅಪ್ಪ ಇಲ್ಲಿದ್ದಾಗ ಪಾಳಿಗೆ ಅವರೂ ಬರುತ್ತಿದ್ದರು. ಈಗ ದೂರದಲ್ಲಿ ಕಾಲುವೆ ಹೂಳೆತ್ತುವ ಕೆಲಸ. ಮೊದಲು ಭಾನುವಾರಕ್ಕೊಮ್ಮೆ ಬರುತ್ತಿದ್ದವರು ಈಗ ತಿಂಗಳಿಗೊಮ್ಮೆ.

ನನ್ನ ಕೆಲಸ ಗುಡ್ಡಕ್ಕೆ ಮತ್ತೆ ಕಾಡು ಬೆಳೆಸುವ ಇಲ್ಲಿನ ಪುನರ್ವನ ಕೇಂದ್ರದಲ್ಲಿ ಜೇನು ನೋಡಿಕೊಳ್ಳುವುದು. ನೋಡಿಕೊಳ್ಳಲು ಜೇನೇ ಇಲ್ಲದ ಕೆಲಸ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆರು ತಿಂಗಳು ತರಬೇತಿ ಆಗಿತ್ತು, ಅದೂ ಖಾಲಿ ಪೆಟ್ಟಿಗೆ ಮತ್ತು ಚಿತ್ರದ ಪುಸ್ತಕ ಇಟ್ಟುಕೊಂಡು. ಜೀವಂತ ಜೇನು ಇದ್ದದ್ದು ಕೇಂದ್ರ ಪ್ರಯೋಗಾಲಯದ ತಂಪು ಕೋಣೆಗಳಲ್ಲಿ ಮಾತ್ರ, ಅವೂ ಹೊರದೇಶದಿಂದ ತಂದ ದೊಡ್ಡ ಜಾತಿಯವು. ಹೀಗಿರುವಾಗ ಹೋದ ತಿಂಗಳು, ಗಣಿಯವರು ಸಿಡಿಮದ್ದು ಇಡುತ್ತಿದ್ದ ಹಳೇ ಕಲ್ಲುಕೋಣೆಗೆ ಬುಟ್ಟಿ ತರಲು ಹೋದವಳ ಮುಂದೆ, ಗೋಡೆಯ ಬಿರುಕಿನಿಂದ ಒಂದು ನೊಣ ಹೊರಗೆ ಬಂದು ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಹಿಂದೆ ಇನ್ನೊಂದು. ನಮ್ಮ ತುಡುವೆ ಜೇನು. ನಾನು ಬುಟ್ಟಿ ಅಲ್ಲೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ.

ಕೇಂದ್ರ ಪ್ರಯೋಗಾಲಯ ಆ ಗೂಡನ್ನು ತಕ್ಷಣ ತನಗೆ ಕಳಿಸಿ ಎಂದಿತು. ನಮ್ಮ ಮುಖ್ಯಸ್ಥೆ ಕಟ್ಟಿಮನಿ ಮೇಡಂ ಹೋರಾಡಿ ಇಪ್ಪತ್ತೊಂದು ದಿನ ಪಡೆದರು. ಪ್ರಯೋಗಾಲಯದ ಷರತ್ತು ಇದು: ಹೊಸ ಪೆಟ್ಟಿಗೆಗೆ ಇಳಿಸಿ, ಸರಿಗೋಡೆ ಹಾಕಿ. ಬೆಳೆದರೆ ಅಲ್ಲೇ ಇರಲಿ. ಗೋಡೆ ಮೂರು ಬೆರಳಿಗೆ ಬಂದರೆ ಜೇನಿನ ಕುಟುಂಬ ಸೊರಗಿದೆ ಎಂದರ್ಥ. ಆ ದಿನವೇ ಗಾಡಿ ಬಂದು ಒಯ್ಯುತ್ತದೆ. ಒಯ್ದರೆ ತಂಪು ಕೋಣೆ, ಗಾಜಿನ ಡಬ್ಬಿ, ಸೂಜಿ. ಗುಡ್ಡಕ್ಕೆ ಮತ್ತೆ ಕುಂಚವೇ.

ಸರಿಗೋಡೆ ಎಂದರೆ ಇಷ್ಟೇ. ಪೆಟ್ಟಿಗೆ ಉದ್ದಕ್ಕಿರುತ್ತದೆ. ಒಂದು ತುದಿಯಲ್ಲಿ ನೊಣಗಳು ಮೇಣದಿಂದ ಕಟ್ಟಿದ ಎರಿಗಳು ನೇತಾಡುತ್ತವೆ, ಅವುಗಳಾಚೆ ಖಾಲಿ ಜಾಗ, ಅದರಾಚೆ ಒಂದು ಹಲಗೆ. ಹೊಸ ಕುಟುಂಬಕ್ಕೆ ಜಾಗ ಹೆಚ್ಚಾದರೆ ಒಳಗಿನ ಬಿಸಿ ನಿಲ್ಲದೆ ಮರಿ ತಣ್ಣಗಾಗುತ್ತವೆ, ಮೂಲೆಗೆ ಮೇಣದ ಹುಳು ಬೀಳುತ್ತದೆ. ಜಾಗ ಕಡಿಮೆಯಾದರೆ ಇಕ್ಕಟ್ಟಾಗಿ ಗೂಡು ಬಿಟ್ಟು ಹಾರಿಹೋಗುತ್ತವೆ. ಬಾಗಿಲ ಬಳಿ ಕೂರಿಸಿದ ಉಸಿರುಮಾಪಕ ಒಳಗಿನಿಂದ ಬರುವ ಗಾಳಿ ಎಷ್ಟು ಬೆಚ್ಚಗಿದೆ, ಎಷ್ಟು ತೇವವಿದೆ ಎಂದು ಅಳೆಯುತ್ತದೆ. ನೊಣ ಹೆಚ್ಚಿದ್ದರೆ ಉಸಿರು ಬಿಸಿ. ಹಲಗೆ ಹೊರಗೆ ಸರಿದು ಜಾಗ ಕೊಡುತ್ತದೆ. ನೊಣ ಕಡಿಮೆಯಾದರೆ ಉಸಿರು ಒಣಗುತ್ತದೆ. ಹಲಗೆ ಒಳಗೆ ಸರಿದು ಮನೆಯನ್ನು ಚಿಕ್ಕದು ಮಾಡುತ್ತದೆ. ಹೊರದೇಶದ ದೊಡ್ಡ ಜೇನಿನಲ್ಲಿ ಹತ್ತು ವರ್ಷ ಒಂದೂ ತಪ್ಪು ಮಾಡದ ಯಂತ್ರ. ಯಾರೂ ಪೆಟ್ಟಿಗೆ ತೆರೆಯಬೇಕಿಲ್ಲ.

ಐದು ಎರಿ, ಆಚೆಗೆ ಆರು ಬೆರಳು ಖಾಲಿ ಬಿಟ್ಟು ಶುರು ಮಾಡಿದ್ದೆವು. ಇವತ್ತು ಹದಿನೆಂಟನೇ ದಿನ. ನಾಲ್ಕು ಬೆರಳು.

ಹಿಂದೆ ಅದಿರಿನ ಲಾರಿ ತೂಗುತ್ತಿದ್ದ ಕೋಣೆಯೇ ಈಗ ನಮ್ಮ ನಿಯಂತ್ರಣ ಕೊಠಡಿ. ದಾದಾಪೀರ್ ಪರದೆಯ ಮುಂದೆ ಕಾಲು ಮಡಚಿ ಕೂತಿದ್ದ. ಇಪ್ಪತ್ತಾರರ ಹುಡುಗ, ನನ್ನನ್ನು ಕಂಡರೆ ಅಕ್ಕ, ಅತ್ತೆಯನ್ನು ಕಂಡರೆ ಅಜ್ಜಿ, ಯಂತ್ರವನ್ನು ಕಂಡರೆ ಸಾಹೇಬರು ಎನ್ನುವವನು.

"ಸಾಹೇಬರು ಇವತ್ತು ಕೋಪದಾಗದಾರೆ ಅಕ್ಕ. ನೋಡು, ಉಸಿರು ಎಷ್ಟು ಒಣಗೈತೆ."

ಪರದೆಯ ಮೇಲಿನ ಗೆರೆ ದಿನದಿನಕ್ಕೂ ಇಳಿದಿತ್ತು. ಕಟ್ಟಿಮನಿ ಮೇಡಂ ಹಿಂದೆ ನಿಂತು ಅದನ್ನೇ ನೋಡುತ್ತಿದ್ದರು.

"ಮೇಡಂ, ನಾನು ನಿನ್ನೆ ಎಣಿಸೀನಿ," ಎಂದೆ. "ಕಾಲಿಗೆ ಹೂಪುಡಿ ಕಟ್ಟಿಕೊಂಡು ನಿಮಿಷಕ್ಕೆ ಇಪ್ಪತ್ತಾರು ನೊಣ ಒಳಗೆ ಹೋಗ್ತಾವೆ. ಮೊದಲ ವಾರ ಹತ್ತೂ ಇರಲಿಲ್ಲ. ಮರಿ ಇಲ್ಲದ ಮನೆಗೆ ಅಷ್ಟು ಹಿಟ್ಟು ಯಾಕೆ ತರ್ತಾವೆ? ಮಧ್ಯಾಹ್ನ ಬಾಗಿಲ ಕೆಳಗೆ ಗಡ್ಡದಂಗೆ ಜೋತು ಬಿದ್ದಿರ್ತಾವೆ."

"ಬಿಸಿಲಿಗೆ ಜೋತು ಬೀಳುತ್ತವೆ, ಹುಲಿಗೆಮ್ಮ. ನೊಣ ಹೆಚ್ಚಿದ್ದರೆ ಉಸಿರು ತೇವ ಇರಬೇಕಲ್ಲ?"

"ತೂಕ?"

"ತೂಕದ ಮಾಪಕಕ್ಕೆ ಗಣಿ ಧೂಳು ಕೂತು ಹೋದ ವಾರವೇ ಕೆಟ್ಟಿದೆ," ಎಂದ ದಾದಾಪೀರ್. "ಅದೊಂದು ಇದ್ದಿದ್ರೆ ಜಗಳನೇ ಇರ್ತಿರಲಿಲ್ಲ."

"ಹಂಗಾದ್ರೆ ಒಂದು ಸಲ ತೆರೆದು ನೋಡೋಣ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ಮೊದಲ ಇಪ್ಪತ್ತೊಂದು ದಿನ ತೆರೆದರೆ ತುಡುವೆ ಮನೆ ಬಿಡುತ್ತೆ ಅಂತ ವರದಿಯಲ್ಲಿ ಬರೆದವಳು ನೀನೇ. ನಾವು ತೆರೆದು, ಅವು ಹಾರಿದರೆ? ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಹದಿನಾಲ್ಕು ವರ್ಷಕ್ಕೆ ಸಿಕ್ಕ ಒಂದೇ ರಾಣಿ." ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಭಯ ಇತ್ತು. "ನಾಳೆ ಗೋಡೆ ಮೂರು ಬೆರಳಿಗೆ ಬಂದರೆ ಗಾಡಿಗೆ ಹೇಳಲೇಬೇಕು."

ಗುಡ್ಡ ಹತ್ತುವಾಗ ನಿಶ್ಚಯ ಮಾಡಿಕೊಂಡೆ, ಗಾಡಿ ಬರುವ ಮುಂಚೆ ಆ ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿದೇ ತಿಳಿಯುತ್ತೇನೆ.

ಸಂಜೆ ಪಾತ್ರೆ ತಿಕ್ಕಿ ಒಳಗೆ ಬಂದಾಗ ನೀಲವ್ವ ಬೋರಲು ಮಲಗಿ ಚಿತ್ರ ಬರೆಯುತ್ತಿದ್ದಳು. ನಮ್ಮದು ಎರಡು ಕೋಣೆಯ ಮನೆ. ಅತ್ತೆ ಬಂದ ಮೇಲೆ ಮಂಚ ಅವರದು, ನೀಲವ್ವನ ಹಾಸಿಗೆ ಅಡುಗೆ ಕಟ್ಟೆಯ ಕೆಳಗೆ. ಅವಳು ಅದಕ್ಕೆ ಏನೂ ಅಂದಿಲ್ಲ. ಮನಸ್ಸಿನಲ್ಲಿರುವುದನ್ನು ಬಿಟ್ಟು ಸುತ್ತಲಿನ ಹತ್ತು ಕೇಳುವುದು ನನ್ನ ಮಗಳ ರೀತಿ. ಅವಳ ಅಪ್ಪ ಹೊರಟ ದಿನವೂ ಹಾಗೆಯೇ, ಕಾಲುವೆ ಎಷ್ಟು ಆಳ, ಹೂಳಿನಲ್ಲಿ ಮೀನು ಇರುತ್ತವಾ, ಮೀನು ಕಚ್ಚುತ್ತವಾ ಎಂದು ಕೇಳುತ್ತಲೇ ಇದ್ದಳು.

"ಅವ್ವಾ, ಗಾಡಿಗೆ ಎಷ್ಟು ಗಾಲಿ ಇರ್ತಾವೆ?"

"ಆರು ಇರಬಹುದು."

"ನೊಣಕ್ಕೂ ಆರೇ ಕಾಲು."

"ಹೌದಲ್ಲ."

"ಗಾಡಿಯಾಗೆ ಕತ್ತಲೆ ಇರುತ್ತಾ?"

"ಇನ್ನೂ ಗಾಡಿನೇ ಬಂದಿಲ್ಲ ಕಂದ. ಏನು ಬರೀತಿದೀಯ ತೋರಿಸು."

ಶಾಲೆಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆದು ತರಲು ಹೇಳಿದ್ದರಂತೆ. ಬೆಳಗಿನ ಪಾಳಿ ಮುಗಿಸಿ ಶಾಲೆಗೆ ಹೋಗುವ ನಡುವೆ ಅವಳು ದಿನವೂ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಪೆಟ್ಟಿಗೆ, ಬಾಗಿಲು, ಹೊಸ್ತಿಲ ಮೇಲೆ ಸಾಲಾಗಿ ಐದು ನೊಣ. ಐದಕ್ಕೂ ದುಂಡು ಕಣ್ಣು, ಎರಡೆರಡು ಮೀಸೆ, ಬೀಸುವ ರೆಕ್ಕೆ. ಐದೂ ನಮ್ಮನ್ನೇ ನೋಡುತ್ತಿದ್ದವು.

"ಚೆಂದ ಐತೆ. ಆದ್ರೆ ತಿರುಗುಮುರುಗು ಆಗೈತಲ್ಲೇ. ಗಾಳಿ ಬೀಸೋ ನೊಣ ಮುಖ ಒಳಗೆ ಮಾಡಿರ್ತಾವೆ, ಬಾಲ ಹೊರಗೆ. ಒಳಗಿನ ಬಿಸಿ ಗಾಳೀನ ಎಳೆದು ಹೊರಗೆ ಹಾಕ್ತಾವೆ. ನನ್ನ ಪುಸ್ತಕದಾಗೆ ಚಿತ್ರ ಐತೆ ನೋಡು."

ಅವಳು ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ರಬ್ಬರು ತೆಗೆದುಕೊಂಡು ಒಂದು ನೊಣದ ಕಣ್ಣು ಅಳಿಸತೊಡಗಿದಳು.

"ಯಾವ ಪುಸ್ತಕ ಅದು?" ಎಂದರು ಅತ್ತೆ. "ನಮ್ಮ ತವರಿನ ದನದ ಮನೆ ಗೋಡೆಯಾಗೆ ಇದ್ವಲ್ಲ ತುಡುವೆ. ಹಾಲು ಕರೆಯಾಕೆ ಕುಂತ್ರೆ ಬಾಗಿಲಾಗೆ ಸಾಲು ಹಿಡಿದು ನಮ್ಮ ಮುಖಾನೇ ನೋಡ್ಕೊಂತ ರೆಕ್ಕೆ ಬಡೀತಿದ್ವು. ಹೊಸ ಸೊಸೆ ನೋಡಾಕೆ ಬಂದ ನೆಂಟರಂಗೆ."

"ಖರೇನಾ ಅತ್ತೆ?"

"ನಾನ್ಯಾಕೆ ನೊಣದ ಮೇಲೆ ಸುಳ್ಳು ಹೇಳ್ಲಿ? ಬಾಲ ತೋರಿಸಿದ್ದು ನಮ್ಮ ಎಮ್ಮೆ ಮಾತ್ರ."

ನೀಲವ್ವ ನಗಲಿಲ್ಲ. ರಬ್ಬರು ಹಿಡಿದ ಕೈ ನಿಂತಿತ್ತು. ಹದಿನೆಂಟು ದಿನ ನಾನೂ ಆ ಹೊಸ್ತಿಲ ಮುಂದೆ ಕೂತಿದ್ದೆ. ಕಾಲಿನ ಹೂಪುಡಿ ಎಣಿಸಿದ್ದೆ. ಬೀಸುವ ನೊಣಗಳ ತಲೆ ಯಾವ ಕಡೆಗಿದೆ ಎಂದು ಒಂದು ದಿನವೂ ನೋಡಿರಲಿಲ್ಲ, ಏಕೆಂದರೆ ಅದು ನನಗೆ ಮೊದಲೇ ಗೊತ್ತಿತ್ತು.

"ಅಳಿಸಬೇಡ," ಎಂದೆ. "ನಾನು ತಪ್ಪು ಹೇಳಿದೆ ಕಂದ. ಆ ಕಣ್ಣು ಮತ್ತೆ ಬರಿ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಪೆಟ್ಟಿಗೆಯ ಮುಂದಿದ್ದೆವು. ದಾರಿಯಲ್ಲೇ ದಾದಾಪೀರನ ಫೋನು ಬಂದಿತ್ತು. ಗೋಡೆ ಮೂರು ಬೆರಳಿಗೆ ಬಂತು, ಮೇಡಂ ಗಾಡಿಗೆ ಹೇಳಿದ್ದಾರೆ, ಮಧ್ಯಾಹ್ನ ಮೂರಕ್ಕೆ ಇಲ್ಲಿರುತ್ತದೆ.

ಹೊಸ್ತಿಲ ಮೇಲೆ ಏಳು ನೊಣ ಬೀಸುತ್ತಿದ್ದವು. ಏಳೂ ನಮ್ಮ ಕಡೆಗೆ ಮುಖ.

ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ತೆಂಗಿನ ಕಡ್ಡಿಯ ತುದಿಗೆ ಕಟ್ಟಿದೆ. ಮೊದಲು ಪೆಟ್ಟಿಗೆಯಿಂದ ದೂರ ಹಿಡಿದೆ. ಗಾಳಿ ಇರಲಿಲ್ಲ, ಎಳೆ ನೆಟ್ಟಗೆ ಇಳಿಬಿದ್ದಿತ್ತು. ಆಮೇಲೆ ಬಾಗಿಲ ಮುಂದೆ ತಂದೆ. ಎಳೆ ನಿಧಾನ ಬಾಗಿತು, ಒಳಮುಖವಾಗಿ, ಯಾರೋ ಒಳಗಿಂದ ಎಳೆದ ಹಾಗೆ.

"ಅವ್ವಾ, ಒಳಗೆ ಹೊಂಟೈತೆ!"

ಎರಡನೇ ಸಲ, ಮೂರನೇ ಸಲ, ಎಡಕ್ಕೆ, ಬಲಕ್ಕೆ. ಪ್ರತಿ ಸಲವೂ ಒಳಗೆ. ಮುಚ್ಚಳದ ಸಂದಿಗೆ ಅಂಗೈ ಒಡ್ಡಿದೆ. ಅಲ್ಲಿಂದ ಬೆಚ್ಚನೆಯ ಹಸಿ ಉಸಿರು ಬರುತ್ತಿತ್ತು, ಅಕ್ಕಿ ಬೇಯುವ ಪಾತ್ರೆಯ ಮೇಲೆ ಕೈ ಹಿಡಿದಂತೆ. ಒಳಗಿನ ಗಾಳಿ ಮೇಲಿನಿಂದ ಹೋಗುತ್ತಿತ್ತು. ನಮ್ಮ ಮಾಪಕ ಕೆಳಗೆ ಕೂತು ಹೊರಗಿನ ಒಣಗಾಳಿಯನ್ನು ಅಳೆಯುತ್ತಿತ್ತು. ಪುಸ್ತಕವೂ ಯಂತ್ರವೂ ಗಾಳಿಯನ್ನು ಹೊರಗೆ ಎಳೆಯುವ ದೊಡ್ಡ ಜೇನಿನವು, ನಮ್ಮ ತುಡುವೆ ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ.

ನಾನು ಕೂಗಿ ಕರೆದೆ. ದಾದಾಪೀರ್ ಚಹಾದ ಲೋಟ ಹಿಡಿದೇ ಓಡಿಬಂದ. ಕಡ್ಡಿ ನೋಡಿ ನಕ್ಕ. "ಇದೇನು ಅಕ್ಕ, ಗಾಳ ಹಾಕಿ ನೊಣ ಹಿಡೀತೀಯಾ?" ಎಳೆ ಬಾಗಿದಾಗ ನಗು ನಿಂತಿತು. ಅವನೇ ಕಡ್ಡಿ ಇಸಕೊಂಡು ಮಾಡಿ ನೋಡಿದ. ಬಗ್ಗಿ ನೊಣಗಳ ಮುಖ ನೋಡಿದ. "ಯಾ ಅಲ್ಲಾ," ಎಂದು ಲೋಟವನ್ನು ಕಲ್ಲಿನ ಮೇಲಿಟ್ಟ. "ಸಾಹೇಬರು ಹತ್ತೊಂಬತ್ತು ದಿನದಿಂದ ಬೀದಿ ಗಾಳಿ ಕುಡಿದು ಮನೆಯಾಗೆ ಯಾರೂ ಇಲ್ಲ ಅಂತಿದಾರೆ."

ಕಟ್ಟಿಮನಿ ಮೇಡಂ ಬಂದಾಗ ನಾನು ಹೇಳಿದ್ದು ನಾಲ್ಕು ಮಾತು. ಒಳಗೆ ಇಕ್ಕಟ್ಟಾದಷ್ಟೂ ಅವು ಹೆಚ್ಚು ಬೀಸಿದವು. ಬೀಸಿದಷ್ಟೂ ಮಾಪಕಕ್ಕೆ ಒಣಗಾಳಿ. ಒಣಗಾಳಿ ಕಂಡಷ್ಟೂ ಗೋಡೆ ಒಳಗೆ. ಗೋಡೆ ಒಳಗೆ ಬಂದಷ್ಟೂ ಮತ್ತೆ ಇಕ್ಕಟ್ಟು.

ಮೇಡಂ ತಾವೂ ಕಡ್ಡಿ ಹಿಡಿದು ನೋಡಿದರು. "ಈ ಯಂತ್ರದ ಹತ್ತು ವರ್ಷದ ಕೋಷ್ಟಕದಲ್ಲಿ ಆರು ವರ್ಷದ್ದು ನಾನು ಮಾಡಿದ್ದು," ಎಂದರು. "ಒಂದು ಸಲವೂ ಬಾಗಿಲಲ್ಲಿ ದಾರ ಹಿಡಿದು ನೋಡಲಿಲ್ಲ." ಆಮೇಲೆ ಎದ್ದು ಸೀರೆಯ ಧೂಳು ಕೊಡವಿಕೊಂಡರು. "ತೆರಿ, ಹುಲಿಗೆಮ್ಮ. ಆಜ್ಞೆ ನನ್ನದು. ದಾದಾಪೀರ್, ಮೋಟಾರಿನ ತಂತಿ ಕೀಳು."

ಒಣ ಬೇವಿನೆಲೆಗೆ ಕೆಂಡ ಹಾಕಿ ಹೊಗೆ ಮಾಡಿಕೊಂಡೆ. ಬೇಕಾದ್ದು ಎರಡೇ ಉಸಿರಿನಷ್ಟು ಹೊಗೆ, ಹೆಚ್ಚಾದರೆ ರೇಗುತ್ತವೆ. ಮುಚ್ಚಳ ಎತ್ತಿ ನೀಲವ್ವನ ಕೈಗೆ ಕೊಟ್ಟೆ. "ಹಂಗೇ ಹಿಡ್ಕೊಂಡು ನಿಂತ್ಕೋ. ಅಲುಗಾಡಬೇಡ, ಉಸಿರು ಅವುಗಳ ಮೇಲೆ ಬಿಡಬೇಡ." ಒಳಗಿಂದ ಶ್ಶ್ ಎಂಬ ಸದ್ದು ಎದ್ದು, ಜೋಳದ ಹೊಲದ ಮೇಲೆ ಗಾಳಿ ಹಾದಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಿತು. ಒಂದು ನಿಮಿಷ ಕೈ ಹಾಕದೆ ಕಾದೆ. ಸದ್ದು ಇಳಿಯಿತು.

ನೊಣ ಕಡಿಮೆಯೇ? ಎರಿ ಕಾಣದಷ್ಟು ನೊಣ. ಒಂದರ ಮೇಲೊಂದು, ಎರಡು ಪದರ. ಗೋಡೆಯ ಹಿಂದೆ ಹೋಗಲು ಸಿಕ್ಕ ಸಣ್ಣ ಸಂದಿಯಿಂದ ನೂರಾರು ನುಸುಳಿ ಆಚೆ ಬರೀ ಹಲಗೆಗೆ ಜೋತುಬಿದ್ದಿದ್ದವು. ಅಡಿಮಣೆಯ ಮೇಲೆ ಬಿಳಿ ಚೂರುಗಳು ರಾಶಿ ಬಿದ್ದಿದ್ದವು. ಬೆರಳಲ್ಲಿ ಎತ್ತಿ ನೋಡಿದೆ, ಎಳೇ ಮೇಣ. ಖಾಲಿ ಜಾಗದಲ್ಲಿ ಅವು ಆರನೇ ಎರಿ ಕಟ್ಟಿದ್ದವು, ಏಳನೆಯದಕ್ಕೂ ಕೈ ಹಾಕಿದ್ದವು. ನೊಣಕ್ಕೆ ನೋವಾಗದಷ್ಟು ಮೆಲ್ಲಗೆ ಸರಿಯುವ ನಮ್ಮ ಗೋಡೆ ಅದನ್ನು ಒಡೆದಿತ್ತು. ಅವು ಮತ್ತೆ ಕಟ್ಟಿದ್ದವು. ಮತ್ತೆ ಒಡೆದಿತ್ತು. ಹತ್ತೊಂಬತ್ತು ದಿನ.

"ಬಿಡಲಿಲ್ಲ ನೋಡು," ಎಂದರು ಮೇಡಂ.

ಒಂದೊಂದೇ ಎರಿ ಎತ್ತಿ ಬೆಳಕಿಗೆ ಹಿಡಿದೆ. ಮೊಟ್ಟೆ, ಹುಳು, ಮುಚ್ಚಿದ ಮರಿ. ಒಂದು ಕೋಶವೂ ಖಾಲಿ ಇಲ್ಲ. ನಾಲ್ಕನೆಯದರ ಕೆಳ ಅಂಚಿನಲ್ಲಿ ನನ್ನ ಕಣ್ಣು ನಿಂತಿತು. ಶೇಂಗಾಕಾಯಿಯಂತೆ ಎರಡು ಕೋಶಗಳು ಕೆಳಮುಖವಾಗಿ ಜೋತಿದ್ದವು. ಒಂದರ ಬಾಯಿ ಆಗಲೇ ಮುಚ್ಚಿತ್ತು.

"ಏನು ಅಕ್ಕ ಅದು?" ದಾದಾಪೀರ್ ಕೇಳಿದ.

"ರಾಣಿ ಕೋಶ. ಜಾಗ ಸಾಲದು ಅಂತ ಅವು ತೀರ್ಮಾನ ಮಾಡ್ಯಾವೆ. ಹೊಸ ರಾಣಿ ಹುಟ್ಟೋ ಮುಂಚೆ ಹಳೇ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿ ಹೋಗ್ತಾಳೆ. ಕೋಶ ಮುಚ್ಚೈತೆ ಅಂದ್ರೆ ಇವತ್ತೋ ನಾಳೆನೋ."

"ಗೋಡೆ ಹಿಂದಕ್ಕೆ ಸರಿಸಿದರೆ?" ಎಂದರು ಮೇಡಂ.

"ತಡ ಆಯ್ತು ಮೇಡಂ. ಹೋಗೋ ಮನಸ್ಸು ಬಂದ ಮೇಲೆ ಅರಮನೆ ಕೊಟ್ರೂ ನಿಲ್ಲಲ್ಲ. ಅವು ಮಾಡೋ ಪಾಲು ನಾವೇ ಮಾಡಿಬಿಡಬೇಕು. ಹಳೇ ರಾಣಿಗೆ ಮೂರು ಎರಿ ಕೊಟ್ಟು ಬೇರೆ ಪೆಟ್ಟಿಗೆಗೆ ಹಾಕೋಣ. ಕೋಶ ಇರೋ ಎರಿ, ಉಳಿದದ್ದು ಇಲ್ಲೇ ಇರಲಿ. ಒಂದು ಹೋಗಿ ಎರಡಾಗ್ತಾವೆ."

ರಾಣಿಯನ್ನು ಹುಡುಕಲು ಅರ್ಧ ತಾಸು ಹಿಡಿಯಿತು. ಕಂಡದ್ದು ನೀಲವ್ವ. "ಅಲ್ಲಿ, ಕಪ್ಪಗೆ, ಉದ್ದಕೆ," ಎಂದು ಗಲ್ಲದಿಂದ ತೋರಿಸಿದಳು. ಕೈಯಲ್ಲಿ ಮುಚ್ಚಳ ಇತ್ತಲ್ಲ. ಸುತ್ತಲಿನ ನೊಣಗಳು ದಾರಿ ಬಿಡುತ್ತಿದ್ದವು.

"ಇದು ಇವುಗಳ ಅವ್ವಾನಾ?"

"ಹ್ಞೂ. ಇವೆಲ್ಲಾ ಇದರ ಮಕ್ಕಳು."

"ಶೇಂಗಾದೊಳಗಿರೋದು?"

"ಅದೂ ಮಗಳೇ."

"ಮನೆ ಯಾರಿಗೆ?"

"ಮನೆ ಮಗಳಿಗೆ. ಅವ್ವ ಬೇರೆ ಕಡೆ ಹೊಸದಾಗಿ ಕಟ್ಟಿಕೊಳ್ತಾಳೆ."

ಅವಳು ಬಾಯಿ ತೆರೆದಳು, ಮುಚ್ಚಿದಳು. "ಮುಚ್ಚಳ ಭಾರ ಆಗೈತೆ," ಎಂದಳು. ನಾನು ಇಸಕೊಂಡೆ. ಹಳೇ ರಾಣಿಯನ್ನು ಮೂರು ಎರಿಯ ಸಮೇತ ಬೇರೆ ಪೆಟ್ಟಿಗೆಗೆ ಇಳಿಸಿದೆ.

ಹನ್ನೊಂದಕ್ಕೆ ನಿಯಂತ್ರಣ ಕೊಠಡಿಯಲ್ಲಿ ಮೇಡಂ ಕೇಂದ್ರ ಪ್ರಯೋಗಾಲಯಕ್ಕೆ ಫೋನು ಮಾಡಿದರು. ದಾದಾಪೀರ್ ದಾರ ಬಾಗಿದ್ದನ್ನೂ ಮೇಣದ ಚೂರನ್ನೂ ರಾಣಿ ಕೋಶವನ್ನೂ ಚಿತ್ರ ಹಿಡಿದು ಕಳಿಸಿದ್ದ. ಆ ಕಡೆಯವರು ಮೊದಲು ಗದರಿದರು, ಆಮೇಲೆ ಚಿತ್ರವನ್ನು ಇನ್ನೊಮ್ಮೆ ಕಳಿಸಲು ಹೇಳಿದರು. ಕಡೆಗೆ ಒಪ್ಪಿದರು. ಗಾಡಿ ಬರುತ್ತದೆ, ಆದರೆ ತಂಪು ಕೋಣೆಗಲ್ಲ. ಒಂದು ಪೆಟ್ಟಿಗೆ ಇಲ್ಲೇ. ಹಳೇ ರಾಣಿಯ ಪೆಟ್ಟಿಗೆ ಬಿಳಿಗಲ್ಲು ಗುಡ್ಡಕ್ಕೆ, ಐವತ್ತು ಕಿಲೋಮೀಟರು ಆಚೆ. ಅಲ್ಲೂ ಹೊಂಗೆ ಹೂ ಬಿಟ್ಟಿದೆ, ಅಲ್ಲೂ ಜನ ಕುಂಚ ಹಿಡಿದಿದ್ದಾರೆ. ಹತ್ತಿರ ಇಟ್ಟರೆ ನೊಣಗಳು ಹಳೇ ಮನೆಗೇ ಹಾರಿ ಬರುತ್ತವೆ, ದೂರ ಹೋಗಲೇಬೇಕು.

"ಜೊತೆಗೆ ಒಬ್ಬರು ಹೋಗಬೇಕು," ಎಂದರು ಮೇಡಂ ಫೋನು ಇಟ್ಟು. "ಮೂರು ತಿಂಗಳು. ಜಾಗ ನೋಡಿ ನೋಡಿ ಕೊಡಬೇಕು, ಕೈಯಿಂದಲೇ. ಇನ್ನು ಮಾಪಕದ ಮಾತಿಲ್ಲ."

ದಾದಾಪೀರ್ ಪರದೆ ನೋಡಿದ. ಮೇಡಂ ಕಿಟಕಿ ನೋಡಿದರು. ಪೆಟ್ಟಿಗೆಗೆ ಕೈ ಹಾಕಿ ಬಂದವಳು ಇಡೀ ಎರಡು ಗುಡ್ಡದಲ್ಲಿ ನಾನೊಬ್ಬಳೇ.

"ಅಲ್ಲಿ ಶಾಲೆ ಐತಾ?" ಎಂದೆ.

"ಇಲ್ಲ."

ಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಶಾಲೆಗೆ ಹೋಗದೆ ನನ್ನ ಹಿಂದೆಯೇ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹೋಗ್ತೀನಿ ಮೇಡಂ," ಎಂದೆ. ಯೋಚಿಸಿ ಹೇಳಿದೆ. ಇಷ್ಟು ದಿನ ಒಡೆದದ್ದನ್ನು ಮತ್ತೆ ಮತ್ತೆ ಕಟ್ಟಿದ ನೊಣಗಳನ್ನು ಗುರುತಿಲ್ಲದ ಕೈಗೆ ಒಪ್ಪಿಸಲು ನನ್ನಿಂದ ಆಗುತ್ತಿರಲಿಲ್ಲ. ನನ್ನ ಮಗಳ ಬೆರಳು ಮುಂದೊಂದು ದಿನ ಕುಂಚದ ಹಳದಿ ಇಲ್ಲದೆ ಸ್ವಚ್ಛ ಇರಬೇಕು ಎಂಬುದೂ ಇತ್ತು. ಇವೆರಡೂ ಸತ್ಯ. ಬಾಗಿಲ ಕಡೆ ತಿರುಗಿ ನೋಡದೆ ಹೇಳಿದ್ದೂ ಸತ್ಯ.

ಮನೆಯಲ್ಲಿ ಅತ್ತೆ ಸುದ್ದಿ ಕೇಳಿ ಮೊಣಕಾಲು ನೀವಿಕೊಂಡರು. ಆಮೇಲೆ, "ಇಲ್ಲಿನ ಪೆಟ್ಟಿಗೆ ಯಾರು ನೋಡ್ತಾರೆ? ಆ ದಾದಾಪೀರನಾ?" ಎಂದರು.

"ನೀವೂ ಕೂತು ನೋಡಬೇಕು ಅತ್ತೆ. ಬಾಗಿಲಾಗೆ ಎಷ್ಟು ಮುಖ ಅದಾವೆ, ಎಷ್ಟು ಜೋತು ಬಿದ್ದಾವೆ. ಹೆಚ್ಚಾದ್ರೆ ಅವನಿಗೆ ಹೇಳಿ, ಎರಡು ಬೆರಳು ಜಾಗ ಬಿಡ್ತಾನೆ. ಒಂದೇ ಸಲ ಹೆಚ್ಚು ಬಿಡಬಾರದು."

"ನನ್ನ ಮೊಣಕಾಲಿಗೆ ಕೂರೋ ಕೆಲಸನೇ ಲಾಯಕ್ಕು. ಹೋಗಿ ಬಾ. ಮಗೂಗೆ ನಾನಿದೀನಿ."

ಬಟ್ಟೆ ಗಂಟು ಕಟ್ಟಿದೆ. ಮೂರು ದಿನಕ್ಕಾಗುವಷ್ಟು ರೊಟ್ಟಿ ತಟ್ಟಿ ಬಿಸಿಲಿಗಿಟ್ಟೆ. ಅಡುಗೆ ಕಟ್ಟೆಯ ಕೆಳಗಿದ್ದ ನೀಲವ್ವನ ಹಾಸಿಗೆಯನ್ನು ಒಳಕೋಣೆಗೆ, ನಾನು ಮಲಗುವ ಜಾಗಕ್ಕೆ ಹಾಸಿದೆ. ಅವಳು ನನ್ನ ಹಿಂದೆ ಹಿಂದೆ ತಿರುಗುತ್ತ ಕೇಳುತ್ತಲೇ ಇದ್ದಳು. ಬಿಳಿಗಲ್ಲು ಗುಡ್ಡ ನಿಜವಾಗಿ ಬಿಳೀನಾ? ಅಲ್ಲಿ ನೀರು ಸಿಹಿಯಾ? ಹೊಸ ರಾಣಿ ಹುಟ್ಟಿದ ದಿನ ನಾನು ಫೋನು ಮಾಡಬಹುದಾ? ಮಾಡಬಹುದು ಎಂದೆ. ಎಷ್ಟು ಹೊತ್ತಿಗೆ? ಯಾವ ಹೊತ್ತಿಗಾದರೂ ಎಂದೆ. ನಾನೇ ಏನಾದರೂ ಹೇಳಬೇಕಿತ್ತು. ಆದರೆ ಅವಳೇ ಕೇಳಲಿ ಎಂದು ಕಾದೆ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ಅವಳು ತಲೆಯಾಡಿಸಿ ಸುಮ್ಮನಾಗುತ್ತಾಳೆ, ಪ್ರಶ್ನೆ ಒಳಗೇ ಉಳಿಯುತ್ತದೆ. ಅವಳ ಅಪ್ಪ ಹೋದಾಗ ನಾನು ಮಾಡಿದ ತಪ್ಪು ಅದು.

ಹೊತ್ತು ಇಳಿದು ಮೇಯಲು ಹೋದ ನೊಣಗಳೆಲ್ಲ ಒಳಗೆ ಸೇರಿದ ಮೇಲೆ ರಾಣಿಯ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಬಡಿದೆ. ಅಲುಗಾಡದಂತೆ ಹಳೇ ಸೀರೆಯಿಂದ ಬಿಗಿದು ಕಟ್ಟಿದೆ. ದಾದಾಪೀರ್ ಮತ್ತು ಚಾಲಕ ಅದನ್ನು ತೊಟ್ಟಿಲಿನಂತೆ ಎತ್ತಿ ಗಾಡಿಗಿಟ್ಟರು. ಉಳಿದ ಪೆಟ್ಟಿಗೆಯ ಗೋಡೆಯನ್ನು ನಾನೇ ಎರಡು ಬೆರಳು ಹಿಂದಕ್ಕೆ ಸರಿಸಿ, ಮೊಳೆ ಹೊಡೆದು ನಿಲ್ಲಿಸಿದೆ.

ನೀಲವ್ವ ಗಾಡಿಯ ಗಾಲಿಗಳನ್ನು ಎಣಿಸಿ ಬಂದಳು. "ಆರೇ," ಎಂದಳು. ಆಮೇಲೆ ಪೆಟ್ಟಿಗೆಯ ಪಕ್ಕೆಗೆ ಕಿವಿ ಇಟ್ಟಳು. ಒಳಗಿನ ಗುಂಯ್‌ಗುಟ್ಟುವ ಸದ್ದನ್ನು ಕೇಳುತ್ತ ಬಹಳ ಹೊತ್ತು ನಿಂತಳು. ಚಾಲಕ ಗಾಡಿ ಚಾಲೂ ಮಾಡಿದ. ಮೇಡಂ ಅವನಿಗೆ ಕೈಯಿಂದ ತಡೆಯುವ ಸನ್ನೆ ಮಾಡಿದರು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅವಳ ಮುಖಕ್ಕೆ ಮುಖ ಕೊಟ್ಟು ಕೂತೆ.

ಅವಳ ತುಟಿ ಒಮ್ಮೆ ಅಲುಗಿ ನಿಂತಿತು. ಆಮೇಲೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ನನ್ನ ಕಣ್ಣನ್ನೇ ನೋಡುತ್ತ ಕೇಳಿದಳು:

"ಅವ್ವಾ, ಮನೇನ ಮಗಳಿಗೆ ಬಿಟ್ಟು ಹೋದ ಅವ್ವ, ಮಗಳನ್ನ ನೋಡಾಕೆ ಮತ್ತೆ ಬರ್ತಾಳಾ?"